ಡೆಲ್ ಹೊರಗೆ ಕೂತಿದ್ದ ಆಟ

ಪ್ರತಿ ವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರ ನಾವು ನಾಲ್ವರು ನನ್ನ ಗ್ಯಾರೇಜಿನಲ್ಲಿ ಸೇರಿ ಹಿಂದಿನ ಋತುವಿನ ಕೊನೆಯ ಆಟವನ್ನು ಮತ್ತೊಮ್ಮೆ ನೋಡುತ್ತೇವೆ. ಗೆದ್ದಿದ್ದರೂ ಸರಿ, ಸೋತಿದ್ದರೂ ಸರಿ, ಮೊದಲಿನಿಂದ ಕೊನೆಯವರೆಗೆ ನೋಡಿ ಆಮೇಲೆ ಆ ರೆಕಾರ್ಡಿಂಗನ್ನು ಅಳಿಸಿಬಿಡುತ್ತೇವೆ. ಹಳೆಯ ವರ್ಷದ ಕೊಳೆ ಸೆಪ್ಟೆಂಬರಿನಲ್ಲಿ ಶುರುವಾಗುವ ಆಟದ ಹೊಸ ವರ್ಷಕ್ಕೆ ಅಂಟಬಾರದು ಎನ್ನುವುದು ನಮ್ಮ ನಂಬಿಕೆ. ವಿಟ್‌ಲಾಕ್ ಕಾಲೇಜಿನ ತಂಡವನ್ನು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲ್ ತಂಡವನ್ನು, ನೆಚ್ಚಿಕೊಂಡು ಬದುಕುವವರಿಗೆ ತೊಳೆಯಲು ಕೊಳೆಗೇನೂ ಬರವಿಲ್ಲ.

ಈ ಸಲ ಮೂವರೇ ಇದ್ದೆವು. ಊರಿನ ಮಾಂಸದಂಗಡಿಯ ಗಾರ್ತ್, ಟಪಾಲು ಹಂಚಿ ಹಂಚಿ ಮಂಡಿ ಸವೆಸಿಕೊಂಡು ನಿವೃತ್ತನಾದ ಲೋವೆಲ್, ಮತ್ತು ಶಾಲೆಯ ಬಸ್ಸುಗಳ ಕೆಳಗೆ ಅಂಗಾತ ಮಲಗಿಯೇ ಅರ್ಧ ಆಯುಷ್ಯ ಕಳೆದ ಮೆಕ್ಯಾನಿಕ್ ನಾನು, ಮರ್ಲ್. ನಾಲ್ಕನೆಯವನು ಡೆಲ್. ಅವನ ಮಡಚುವ ಕುರ್ಚಿಯನ್ನೂ ಗಾರ್ತ್ ಉಳಿದ ಕುರ್ಚಿಗಳ ಜೊತೆಗೆ ಅಟ್ಟದಿಂದ ಇಳಿಸಿ, ಅಭ್ಯಾಸಬಲದಿಂದ ಬಿಡಿಸಿಟ್ಟಿದ್ದ. ಬಿಡಿಸಿದ ಮೇಲೆ ಅದನ್ನು ಮತ್ತೆ ಮಡಚಲು ಮೂವರಲ್ಲಿ ಯಾರಿಗೂ ಕೈ ಬರಲಿಲ್ಲ.

ಡೆಲ್ ಸತ್ತದ್ದು ಆ ಕೊನೆಯ ಆಟದ ದಿನವೇ, ಕಳೆದ ನವೆಂಬರಿನಲ್ಲಿ, ನನ್ನ ಮನೆಯ ಮುಂದೆ ನಿಂತಿದ್ದ ಅವನ ಪಿಕಪ್ ಗಾಡಿಯೊಳಗೆ, ಕೂತಲ್ಲೇ. ನಾವು ಮೂವರು ಆಗ ಇದೇ ಗ್ಯಾರೇಜಿನಲ್ಲಿ ಟಿ.ವಿ. ಮುಂದೆ ಇದ್ದೆವು. ಹೃದಯಾಘಾತ ಎಂದರು ಡಾಕ್ಟರು. ಪಾಪ, ಆ ಸೋಲು ಅವನ ಎದೆ ಒಡೆಯಿತು ಎಂದಿತು ಊರು. ಸಾವಿನ ಮನೆಯಲ್ಲಿ ಹತ್ತು ಜನ ನನ್ನ ಕೈ ಹಿಡಿದು ಈ ಮಾತು ಹೇಳಿದರು. ನಾನು ಹೌದು ಹೌದು ಎಂದು ತಲೆಯಾಡಿಸಿದೆ.

ಆಟ ನೋಡಲು ಬಂದವನು ಗಾಡಿಯಲ್ಲಿ ಯಾಕೆ ಕೂತಿದ್ದ ಎನ್ನುವುದನ್ನು ಹೇಳಬೇಕು. ಡೆಲ್‌ಗೆ ಒಂದು ದೋಷವಿತ್ತು. ಅವನು ನೋಡುತ್ತಿದ್ದರೆ ನಮ್ಮವರು ಸೋಲುತ್ತಿದ್ದರು. ಇದನ್ನು ಕಂಡುಹಿಡಿದ ಮಹಾಶಯ ನಾನೇ. ಇಪ್ಪತ್ತು ವರ್ಷಗಳ ಹಿಂದೆ ಒಂದು ಶನಿವಾರ ನಾವು ಹದಿನಾಲ್ಕು ಪಾಯಿಂಟ್ ಹಿಂದೆ ಬಿದ್ದಿದ್ದಾಗ ಡೆಲ್ ಐಸ್ ತರಲು ಅಂಗಡಿಗೆ ಹೋದ. ಅವನು ಬರುವಷ್ಟರಲ್ಲಿ ನಮ್ಮವರು ಎರಡು ಸಲ ಗೆರೆ ದಾಟಿ ಸಮ ಮಾಡಿದ್ದರು. ಅವನು ಬಂದು ಕೂತ, ಚೆಂಡು ನಮ್ಮವರ ಕೈಜಾರಿತು. "ಇನ್ನೊಂದು ಚೀಲ ಐಸ್ ತಾರಪ್ಪ" ಎಂದೆ ತಮಾಷೆಗೆ. ಅವನು ಹೋದ, ನಾವು ಗೆದ್ದೆವು. ಅಷ್ಟು ಸಾಕಾಯಿತು. ಅಂದಿನಿಂದ ತಂಡ ಹಿಂದೆ ಬಿದ್ದರೆ ಡೆಲ್ ಹೊರಗೆ. ಊರಿನ ಮೈದಾನದ ಆಟವಾದರೆ ಪ್ರೇಕ್ಷಕರು ಕೂರುವ ಮೆಟ್ಟಿಲ ಕೆಳಗಿನ ಕಾರಿಡಾರಿನಲ್ಲಿ ನಿಲ್ಲುತ್ತಿದ್ದ. ಬೇರೆ ಊರಿನ ಆಟವಾದರೆ ನನ್ನ ಮನೆ ಮುಂದೆ ಗಾಡಿಯಲ್ಲಿ, ರೇಡಿಯೋ ಹಾಕದೆ. ರೇಡಿಯೋ ಕೇಳಿದರೂ ನೋಡಿದಷ್ಟೇ ದೋಷ ಎಂದು ತೀರ್ಪು ಕೊಟ್ಟವನೂ ನಾನೇ.

ಅವನು ಒಂದು ದಿನವೂ ಸಿಟ್ಟಾದವನಲ್ಲ. ಗಾಡಿಯಲ್ಲಿ ಒಂದು ದಿಂಬು, ಒಂದು ಕಂಬಳಿ, ಕಾಫಿ ಫ್ಲಾಸ್ಕು ಇಟ್ಟುಕೊಂಡಿದ್ದ. ನಡುನಡುವೆ ನನಗೆ ಫೋನ್ ಮಾಡಿ "ಕಾಲು ಮರಗಟ್ಟಿತು ಕಣೋ, ಒಳಗೆ ಬರ್ಲಾ?" ಎನ್ನುತ್ತಿದ್ದ. "ಬಂದ್ರೆ ಕಾಲು ಮುರೀತೀನಿ" ಎಂದು ನಾನು ಫೋನ್ ಇಡುತ್ತಿದ್ದೆ. ಅದೊಂದು ಆಟದೊಳಗಿನ ಆಟ.

ಇನ್ನೊಂದು ಕಟ್ಟಳೆಯೂ ಇತ್ತು. ನಮ್ಮವರು ಚೆಂಡು ಹಿಡಿದು ಮುಂದೆ ಮುಂದೆ ಹೋಗುತ್ತಿರುವಾಗ ಒಳಗಿದ್ದವರು ಯಾರೂ ಅಲುಗಾಡುವಂತಿಲ್ಲ. ಕೂತವನು ಕೂತಲ್ಲೇ, ಕೈಯಲ್ಲಿದ್ದದ್ದು ಕೈಯಲ್ಲೇ. ಒಮ್ಮೆ ಗಾರ್ತ್ ಕೋಳಿಯ ರೆಕ್ಕೆಯನ್ನು ಬಾಯಿಯಿಂದ ಎರಡು ಬೆರಳು ದೂರದಲ್ಲಿ ಹಿಡಿದುಕೊಂಡು ಎಂಟು ನಿಮಿಷ ಕೂತಿದ್ದ. ಲೋವೆಲ್ ಇನ್ನೊಮ್ಮೆ ಮೂತ್ರ ಕಟ್ಟಿಕೊಂಡು ಕೂತು ಕೊನೆಗೆ ತಡೆಯಲಾಗದೆ ಕೂತಲ್ಲೇ ಮಾಡಿಕೊಂಡ. ಗೆದ್ದೆವಾದ್ದರಿಂದ ಯಾರೂ ನಗಲಿಲ್ಲ. ಬೆಳೆದ ಗಂಡಸರು, ತೆರಿಗೆ ಕಟ್ಟುವವರು, ಭಾನುವಾರ ಚರ್ಚಿಗೆ ಹೋಗುವವರು ಹೀಗೆ ಬದುಕುತ್ತಿದ್ದೆವು.

ಈ ಭಾನುವಾರ ರೆಕಾರ್ಡಿಂಗ್ ಹಾಕಿ ಐದು ನಿಮಿಷವಾಗಿರಲಿಲ್ಲ, ಲೋವೆಲ್ ಶುರು ಮಾಡಿದ.

"ಗಾಳಿ ಎಡಗಡೆಯಿಂದ ಬೀಸ್ತಿತ್ತು. ಆ ಬಾವುಟ ನೋಡ್ರೋ. ಎಡಗಡೆ ಕಂಬಕ್ಕೆ ಗುರಿ ಇಟ್ಟು ಒದೀಬೇಕಿತ್ತು."

"ಒದೆಯೋಕೆ ಇನ್ನೂ ಮೂರು ಗಂಟೆ ಇದೆ, ತಡ್ಕೋ," ಎಂದ ಗಾರ್ತ್.

"ಮೂವತ್ತೊಂದು ಗಜ ಕಣೋ. ನಮ್ಮಜ್ಜಿ ಒದ್ದಿದ್ರೂ ಹೋಗ್ತಿತ್ತು."

"ನಿಮ್ಮಜ್ಜಿಗೆ ಸೊಂಟ ಮುರಿದಿತ್ತಲ್ಲೋ."

"ಮುರಿದ ಸೊಂಟದಲ್ಲೇ."

ಆ ಒದೆತದ ಮಾತು ಒಂಬತ್ತು ತಿಂಗಳಿಂದ ಊರಲ್ಲಿ ನಡೆಯುತ್ತಿದೆ. ಡನ್‌ಮೋರ್ ತಂಡದ ಮೇಲೆ, ಅವರದೇ ಮೈದಾನದಲ್ಲಿ. ಗೆದ್ದಿದ್ದರೆ ೧೯೯೩ರ ನಂತರ ಮೊದಲ ಸಲ ಲೀಗಿನ ಪಟ್ಟ ನಮ್ಮದಾಗುತ್ತಿತ್ತು. ಮೊದಲು ೨೦–೭ರಿಂದ ಮುಂದಿದ್ದೆವು, ಆಮೇಲೆ ೨೦–೨೧ರಿಂದ ಹಿಂದೆ. ಕೊನೆಯ ನಾಲ್ಕೈದು ನಿಮಿಷದಲ್ಲಿ ನಮ್ಮವರು ತುದಿಯಿಂದ ತುದಿಗೆ ಚೆಂಡು ಒಯ್ದು, ಮೂರು ಸೆಕೆಂಡ್ ಉಳಿದಿರುವಾಗ ಮೂರು ಪಾಯಿಂಟಿಗಾಗಿ ಕಂಬಗಳ ನಡುವೆ ಒದೆಯಲು ನಿಂತರು. ಚೆಂಡು ಬಲಗಂಬಕ್ಕೆ ಬಡಿದು ಈಚೆಗೆ ಬಿತ್ತು. ಒದ್ದ ಹುಡುಗನಿಗೆ ಇಪ್ಪತ್ತು ವರ್ಷ. ಅವನ ಹಾಸ್ಟೆಲ್ ಬಾಗಿಲಿಗೆ ಯಾರೋ ಕೊಳೆತ ಕುಂಬಳಕಾಯಿ ಇಟ್ಟು ಬಂದರು. ಅವನ ತಾಯಿಗೆ ಫೋನ್ ಮಾಡಿ ಬೈದವರಿದ್ದರು. ಕ್ರಿಸ್‌ಮಸ್ ಹೊತ್ತಿಗೆ ಅವನು ಕಾಲೇಜು ಬಿಟ್ಟು ಹೋದ. ನಾನು ಮಾತ್ರ ಅವನ ವಿರುದ್ಧ ಒಂದು ಮಾತು ಆಡಲಿಲ್ಲ. ಮರ್ಲ್ ದೊಡ್ಡ ಮನಸ್ಸಿನವನು ಎಂದರು ಜನ. ದೊಡ್ಡ ಮನಸ್ಸೂ ಇಲ್ಲ ಮಣ್ಣೂ ಇಲ್ಲ. ಯಾರನ್ನಾದರೂ ಬೈಯಲು ನನಗೆ ಮುಖ ಇರಲಿಲ್ಲ.

ನನ್ನ ಫೋನಿನಲ್ಲಿ ಒಂದು ಚಿತ್ರದ ಮೂಲೆಯಲ್ಲಿ ಕೆಂಪು ಬಣ್ಣದ '೧' ಎಂಬ ಅಂಕಿ ಇದೆ. ಕೇಳದೆ ಬಿಟ್ಟ ಒಂದು ಧ್ವನಿಸಂದೇಶ. ಒಂಬತ್ತು ತಿಂಗಳು ಅದನ್ನು ದಿನಕ್ಕೆ ನಲವತ್ತು ಸಲ ನೋಡಿದ್ದೇನೆ. ಒತ್ತಿಲ್ಲ. ಗಾರ್ತ್‌ಗೂ ಹೇಳಿಲ್ಲ, ಲೋವೆಲ್‌ಗೂ ಹೇಳಿಲ್ಲ. ಹೊಸ ಫೋನ್ ಕೊಳ್ಳು ಎಂದು ನನ್ನ ಹೆಂಡತಿ ಹೇಳಿದಾಗ, ಇದೇ ಸಾಕು ಎಂದು ಗದರಿದೆ.

ಟಿ.ವಿ.ಯಲ್ಲಿ ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಬಂತು. ಡನ್‌ಮೋರಿನವರು ಮತ್ತೆ ಗೆರೆ ದಾಟಿ ೨೦–೨೧ ಮಾಡಿದರು. ಅವತ್ತು ಇದೇ ಕ್ಷಣದಲ್ಲಿ ನಾನು ಡೆಲ್ ಕಡೆ ತಿರುಗಿ "ಹೊರಡಪ್ಪ" ಎಂದಿದ್ದೆ. ಅವನು ತಕ್ಷಣ ಏಳಲಿಲ್ಲ. "ಇವತ್ತು ಯಾಕೋ ಸುಸ್ತು ಕಣೋ ಮರ್ಲ್. ಕಣ್ಣು ಮುಚ್ಕೊಂಡು ಇಲ್ಲೇ ಕೂತಿರ್ಲಾ?" ಎಂದ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. "ಪಟ್ಟ ಗೆದ್ದು ಮೂವತ್ತೊಂದು ವರ್ಷ ಆಗಿದೆ. ಸುಸ್ತು ಆಮೇಲೆ ಮಾಡ್ಕೋ" ಎಂದೆ. ಅವನು ನಕ್ಕು, ಟೋಪಿ ಹಾಕಿಕೊಂಡು, ಬಾಗಿಲೆಳೆದುಕೊಂಡು ಹೋದ. ಈಗ ನಾನು ಗಾರ್ತ್ ಮುಖ ನೋಡಿದೆ, ಗಾರ್ತ್ ಕಾಫಿ ಲೋಟ ನೋಡಿಕೊಂಡ. ಮೂವರಿಗೂ ನೆನಪಿತ್ತು.

ನಾಲ್ಕನೇ ಭಾಗದಲ್ಲಿ, ಆಟ ಮುಗಿಯಲು ಐದು ನಿಮಿಷ ಚಿಲ್ಲರೆ ಇರುವಾಗ, ಮನೆಯ ಮುಂದೆ ಗಾಡಿ ನಿಂತ ಸದ್ದಾಯಿತು. ಆ ಎಂಜಿನ್ನಿನ ಸದ್ದು ನನಗೆ ನಿದ್ದೆಯಲ್ಲೂ ಗೊತ್ತು. ನಾನೇ ಎರಡು ಸಲ ಬಿಚ್ಚಿ ಕೂಡಿಸಿದ್ದೆ. ಡೆಲ್‌ನ ಪಿಕಪ್. ಅದು ತನ್ನ ಹಳೆಯ ಜಾಗದಲ್ಲೇ ನಿಂತಿತು. ಇಳಿದು ಬಂದವಳು ಡೆಲ್‌ನ ಹೆಂಡತಿ ಆರ್ಡಿಸ್, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ರೂಬಾರ್ಬ್ ಕೇಕು," ಎಂದಳು. "ಪ್ರತಿ ವರ್ಷ ಡೆಲ್ ಕೈಲಿ ಕಳಿಸ್ತಿದ್ದೆ. ಈ ಸಲ ನಾನೇ ತಂದೆ. ನಿಲ್ಸಬೇಡಿ, ನೋಡ್ತಾ ಇರಿ."

ಲೋವೆಲ್ ಆಗಲೇ ನಿಲ್ಲಿಸಿಬಿಟ್ಟಿದ್ದ. ಪರದೆಯ ಮೇಲೆ ನಮ್ಮ ನೀಲಿ ಅಂಗಿಯ ಹುಡುಗನೊಬ್ಬ ಚೆಂಡನ್ನು ಎದೆಗೆ ಅವುಚಿಕೊಂಡು ಒಂದು ಕಾಲೆತ್ತಿ ನಿಂತುಬಿಟ್ಟ. ಆರ್ಡಿಸ್ ಸುತ್ತ ನೋಡಿ, ಖಾಲಿ ಇದ್ದ ಕುರ್ಚಿಯಲ್ಲಿ ಕೂತಳು. ಅದು ಯಾರ ಕುರ್ಚಿ ಎಂದು ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿದ ಹೆಂಗಸು ಅವಳು, ಸುಮ್ಮನೆ ಮಾತು ಬೆಳೆಸುವ ಜಾಯಮಾನವಲ್ಲ. ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಡೆಲ್ ಟಿಕೆಟ್ಟು. ನಮ್ಮೂರ ಮೈದಾನದ್ದು, ಈ ಇಡೀ ವರ್ಷದ್ದು. ನಂಗೆ ಈ ಆಟದ ತಲೆಬುಡ ಗೊತ್ತಿಲ್ಲ. ಅವರ ಜಾಗದಲ್ಲಿ ಯಾರನ್ನ ಕೂರಿಸ್ಬೇಕು ಅಂತ ನೀವೇ ನೋಡಿ ಮರ್ಲ್."

"ನಾನ್ಯಾಕೆ? ನಿಮ್ಮ ಅಳಿಯ ಇದ್ದಾನಲ್ಲ, ಅವನಿಗೆ ಕೊಡಿ."

"ಇಲ್ಲ. ಅವರು ಕೊನೆಗೆ ಮಾತಾಡಿದ್ದು ನಿಮ್ಮ ಹತ್ರ. ನಿಮ್ಮ ಹತ್ರಾನೇ ಇರ್ಲಿ."

ಗಾರ್ತ್ ಮತ್ತು ಲೋವೆಲ್ ಇಬ್ಬರೂ ನನ್ನ ಕಡೆ ತಿರುಗಿದರು.

"ಅವರ ಫೋನು ಇಷ್ಟು ದಿನ ತೆಗೆಯೋಕೆ ಆಗಿರ್ಲಿಲ್ಲ," ಎಂದಳು ಆರ್ಡಿಸ್. "ಮೊನ್ನೆ ಮೊಮ್ಮಗಳು ಬಂದಿದ್ಲು. ಏನೇನೋ ಒತ್ತಿ ನೋಡಿ, ಕೊನೆಗೆ ೧೯೯೩ ಅಂತ ಒತ್ತಿದ್ಲು. ತೆಗೀತು. ನೀವು ಗೆದ್ದಿದ್ದ ವರ್ಷ ಅಲ್ವಾ ಅದು. ನಮ್ಮ ಮದುವೆ ವರ್ಷ ಹಾಕಿರ್ತಾರೆ ಅಂತ ನಾನು ಅಂದ್ಕೊಂಡಿದ್ದೆ." ಸ್ವಲ್ಪ ನಕ್ಕಳು. "ಅದರಲ್ಲಿ ಅವತ್ತು ಐದು ಮೂವತ್ತೆಂಟಕ್ಕೆ ನಿಮಗೆ ಫೋನ್ ಮಾಡಿದ್ದಿದೆ. ಒಂದು ನಿಮಿಷ ಅಂತಿದೆ."

ನಾನು ಲಕೋಟೆಯನ್ನು ಕೈಗೆತ್ತಿಕೊಂಡೆ.

"ನಾನು ಇಷ್ಟು ದಿನ ಏನಂದ್ಕೊಂಡಿದ್ದೆ ಗೊತ್ತಾ? ಒಬ್ರೇ ಹೋದ್ರು ಅಂತ. ಚಳೀಲಿ, ಕತ್ತಲಾಗ್ತಿರೋವಾಗ, ಯಾರ ಹತ್ರಾನೂ ಒಂದು ಮಾತಿಲ್ದೆ. ಅದೇ ನನ್ನ ತಿನ್ತಿತ್ತು. ಇದನ್ನ ನೋಡಿದ ದಿನ ಮೊದಲ್ನೇ ಸಲ ಸರಿಯಾಗಿ ಊಟ ಮಾಡ್ದೆ. ಏನಂದ್ರು ಮರ್ಲ್? ಆಟದ ಮಾತೇ ಆಗಿದ್ರೂ ಪರ್ವಾಗಿಲ್ಲ. ಅದನ್ನೇ ಹೇಳಿ."

ಸುಳ್ಳು ಎಷ್ಟು ಹತ್ತಿರ ಇರುತ್ತದೆ ಎಂದು ಆಗ ತಿಳಿಯಿತು. ಕೈಚಾಚಿದರೆ ಸಿಗುವಷ್ಟು. ಕೊಟ್ಟರೆ ಅವಳಿಗೆ ನೆಮ್ಮದಿ, ನನಗೆ ಬಿಡುಗಡೆ, ಕೇಕು ತಿಂದು ಎಲ್ಲರೂ ಮನೆಗೆ. ನಾನು ಕೊಟ್ಟೇಬಿಟ್ಟೆ.

"ನಿಮ್ಮ ವಿಷಯಾನೇ ಕೇಳ್ದ," ಎಂದೆ. "ಆರ್ಡಿಸ್ ಊಟಕ್ಕೆ ಕಾಯ್ತಿರ್ತಾಳೆ, ಬೇಗ ಹೋಗ್ಬೇಕು ಅಂದ."

ಅವಳ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಅವಳು ಮುಂದಕ್ಕೆ ಬಾಗಿ ನನ್ನ ಮೊಣಕೈ ಮುಟ್ಟಿದಳು.

"ದನಿ ಹೇಗಿತ್ತು? ನೋವಲ್ಲಿದ್ರಾ?"

ಮಾತನ್ನು ಕಟ್ಟಬಹುದು, ದನಿಯನ್ನು ಎಲ್ಲಿಂದ ತರಲಿ? ಆ ದನಿ ನನ್ನ ಅಂಗಿಯ ಜೇಬಿನಲ್ಲಿತ್ತು. ನನಗಿಂತ ಹೆಚ್ಚು ಅದು ಅವಳದ್ದು.

"ಆರ್ಡಿಸ್, ನಾನು ಸುಳ್ಳು ಹೇಳ್ದೆ. ನಾನು ಫೋನೇ ಎತ್ತಲಿಲ್ಲ."

"ಅಂದ್ರೆ?"

"ಫೋನ್ ಬಂತು. ಡೆಲ್ ಹೆಸರು ನೋಡ್ದೆ. ಮಗುಚಿ ಇಟ್ಟೆ."

"ಯಾಕೆ?"

"ಚೆಂಡು ಮುಂದೆ ಹೋಗ್ತಿತ್ತು. ಅಂಥ ಹೊತ್ತಲ್ಲಿ ಯಾರೂ ಅಲ್ಲಾಡಬಾರದು."

ನನ್ನ ಬಾಯಿಂದಲೇ ಬಂದ ಆ ಮಾತು ನನ್ನ ಕಿವಿಗೆ ಬಿತ್ತು. ಅರವತ್ತಾರು ವರ್ಷದ ಗಂಡಸೊಬ್ಬ ಒಬ್ಬ ವಿಧವೆಗೆ ಕೊಡುವ ಕಾರಣ ಇದು. ಗಾರ್ತ್ ಏನೋ ಹೇಳಲು ಹೋದ, "ಆರ್ಡಿಸ್, ಅವನು ಯಾವಾಗ್ಲೂ ತಮಾಷೆಗೆ ಫೋನ್ ಮಾಡ್ತಿದ್ದ, ಹಾಗಾಗಿ ಮರ್ಲ್..." ಅವಳು ಅವನ ಕಡೆ ನೋಡಲೂ ಇಲ್ಲ.

"ಮತ್ತೆ ಒಂದು ನಿಮಿಷ ಅಂತ ಇದೆಯಲ್ಲ," ಎಂದಳು ನನಗೆ.

ನಾನು ಫೋನ್ ತೆಗೆದು ಆ ಕೆಂಪು ಅಂಕಿಯನ್ನು ತೋರಿಸಿದೆ. ನಲವತ್ತಮೂರು ಸೆಕೆಂಡು ಎಂದಿತ್ತು. "ಬಿಟ್ಟುಹೋಗಿದ್ದಾನೆ. ನಾನು ಕೇಳಿಲ್ಲ. ಧೈರ್ಯ ಬರ್ಲಿಲ್ಲ."

"ಹಾಕಿ," ಎಂದಳು.

ಡೆಲ್‌ನ ಕುರ್ಚಿಯ ತೋಳಿನ ಮೇಲೆ ಫೋನಿಟ್ಟು ಒತ್ತಿದೆ. ಮೊದಲು ಬರೀ ಉಸಿರು. ಆಮೇಲೆ ಅವನು.

"ಮರ್ಲ್, ನಾನು ಕಣೋ. ಎದೆ ಯಾರೋ ಹಿಡ್ಕೊಂಡಂಗಿದೆ. ಎಡಗೈ ಎತ್ತೋಕಾಗ್ತಿಲ್ಲ. ಒಂಚೂರು ಹೊರಗೆ..."

ಅಷ್ಟರಲ್ಲಿ ಅವನ ಮಾತಿನ ಹಿಂದೆ ದೂರದಿಂದ ಒಂದು ಕೂಗು ಕೇಳಿತು. ಮೂರು ಗಂಟಲಿನ ಕೂಗು. ಅದು ನಾವು. ಎರಡು ಗೋಡೆ ದಾಟಿ, ಗಾಡಿಯ ಗಾಜು ದಾಟಿ ಅವನಿಗೆ ಕೇಳಿದ ನಾವು.

"ಓ," ಎಂದ ಡೆಲ್. ದನಿಯಲ್ಲಿ ನಗುವಿತ್ತು, ದೇವರಾಣೆಗೂ. "ಮುಂದೆ ಹೋಗ್ತಿದ್ದಾರಾ? ಹಾಗಾದ್ರೆ ಬೇಡ ಬೇಡ. ಏಳ್ಬೇಡಿ ಯಾರೂ. ನಾನು ತಡ್ಕೋತೀನಿ. ಆಟ ಮುಗಿದ ತಕ್ಷಣ ಬಾ ಮಾರಾಯ. ತಕ್ಷಣ ಬಾ, ಹಾಂ? ಆರ್ಡಿಸ್‌ಗೆ ಹೇಳ್ಬೇಡ, ಹೆದರ್ಕೋತಾಳೆ."

ಆಮೇಲೆ ಮತ್ತೆ ಉಸಿರು, ಆಮೇಲೆ ಏನೂ ಇಲ್ಲ.

ಆಂಬುಲೆನ್ಸಿಗೆ ಅವನೇ ಫೋನ್ ಮಾಡಬಹುದಿತ್ತು. ಆಸ್ಪತ್ರೆ ಆರು ನಿಮಿಷದ ದಾರಿ. ಯಾಕೆ ಮಾಡಲಿಲ್ಲ ಎಂದು ನನಗೆ ಆ ಕ್ಷಣ ಹೊಳೆಯಿತು. ಸೈರನ್ ಕೇಳಿದ್ದರೆ ನಾವು ಮೂವರೂ ಎದ್ದುಬಿಡುತ್ತಿದ್ದೆವು. ನಾನು ಇಪ್ಪತ್ತು ವರ್ಷ ಅವನಿಗೆ ಕಲಿಸಿದ ಪಾಠವನ್ನು ಅವನು ನನಗಿಂತ ಚೆನ್ನಾಗಿ ಕಲಿತಿದ್ದ. ಲೋವೆಲ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ.

ಆರ್ಡಿಸ್ ಅಳಲಿಲ್ಲ. ತಟ್ಟೆಯ ಮೇಲಿನ ಬಟ್ಟೆಯನ್ನು ಸರಿಮಾಡಿದಳು.

"ಆಟ ಎಷ್ಟು ಹೊತ್ತಿಗೆ ಮುಗೀತು?"

"ಐದು ಐವತ್ತೊಂದಕ್ಕೆ," ಎಂದ ಲೋವೆಲ್. ಆ ಆಟದ ಪ್ರತಿ ನಿಮಿಷ ಅವನಿಗೆ ಬಾಯಿಪಾಠ.

"ನಂಗೆ ನೀವು ಫೋನ್ ಮಾಡಿದ್ದು ಏಳು ಗಂಟೆಗೆ. ಅವರನ್ನ ನೋಡಿದ್ದು ಯಾವಾಗ?"

"ಆರು ನಲವತ್ತಕ್ಕೆ," ಎಂದೆ. "ನಾನು ಹೋಗಿ ಬಾಗಿಲು ತೆಗೆದೆ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡುವುದು ಕಾಣುತ್ತಿತ್ತು. ಎತ್ತದ ಫೋನನ್ನು ನಾನು ಒಂಬತ್ತು ತಿಂಗಳು ಹೊತ್ತು ತಿರುಗಿದ್ದೆ, ನನ್ನ ತಪ್ಪು ಅದೊಂದೇ ಎಂದುಕೊಂಡಿದ್ದೆ. ಡೆಲ್ ಅದನ್ನು ಕ್ಷಮಿಸಿಯೇ ಹೋಗಿದ್ದ. ಅವನು ಕೇಳಿದ್ದು ಬೇರೆ.

"ಐವತ್ತು ನಿಮಿಷ," ಎಂದಳು. "ಆಟ ಮುಗಿದ ಮೇಲೆ ಐವತ್ತು ನಿಮಿಷ ಏನ್ಮಾಡ್ತಿದ್ರಿ?"

"ಕೂತಿದ್ವಿ."

"ಸುಮ್ನೆ?"

"ಬೇಜಾರಲ್ಲಿ ಕೂತಿದ್ವಿ. ಏಳೋಕೆ ಕೈಕಾಲು ಬರ್ಲಿಲ್ಲ."

"ಏನ್ ಮಾತಾಡ್ತಿದ್ರಿ?"

ಗಾರ್ತ್ ನೆಲ ನೋಡಿದ. ತಲೆ ಸ್ವಲ್ಪವೇ ಅಲ್ಲಾಡಿಸಿದ, ಹೇಳಬೇಡ ಎನ್ನುವಂತೆ. ಆದರೆ ಒಂದು ಸುಳ್ಳು ಹೇಳಿ ಆಗಿತ್ತು, ಇನ್ನೊಂದಕ್ಕೆ ನನ್ನಲ್ಲಿ ಜೀವ ಉಳಿದಿರಲಿಲ್ಲ.

"ಡೆಲ್ ರೇಡಿಯೋ ಹಾಕಿರ್ಬೇಕು ಅಂತ," ಎಂದೆ. "ಅವನು ಕದ್ದು ಕೇಳಿದ್ದಕ್ಕೇ ಚೆಂಡು ಕಂಬಕ್ಕೆ ಬಡೀತು ಅಂತ. ಬಂದ್ರೆ ಚೆನ್ನಾಗಿ ಉಗೀಬೇಕು ಅಂತ ಮಾತಾಡ್ಕೊಂಡ್ವಿ. ಅವನಾಗೇ ಬರ್ಲಿ ಅಂತ ಕೂತಿದ್ವಿ."

ಪರದೆಯ ಮೇಲೆ ನೀಲಿ ಅಂಗಿಯ ಹುಡುಗ ಇನ್ನೂ ಒಂದು ಕಾಲೆತ್ತಿಕೊಂಡೇ ನಿಂತಿದ್ದ. ಆರ್ಡಿಸ್ ಎದ್ದು, ಕುರ್ಚಿಯನ್ನು ಮಡಚಿ, ಗೋಡೆಗೆ ಒರಗಿಸಿಟ್ಟು ಹೊರಗೆ ಹೋದಳು. ಗಾಡಿಯ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಎಂಜಿನ್ ಸದ್ದು ಕೇಳಲಿಲ್ಲ.

ಸ್ವಲ್ಪ ಹೊತ್ತು ಕಾದೆವು. ಎಂಜಿನ್ ಶುರುವಾಗಲಿಲ್ಲ.

"ಬಿಡೋ, ಒಂದ್ ಸ್ವಲ್ಪ ಹೊತ್ತು," ಎಂದ ಗಾರ್ತ್ ಮೆಲ್ಲಗೆ. "ಅವರಷ್ಟಕ್ಕೆ ಅವರು ಇರ್ಲಿ."

ಅವತ್ತೂ ಅವನು ಇದನ್ನೇ ಹೇಳಿದ್ದ. ನಾನು ಒಂದು ಸಲ ಏಳಲು ಹೋದಾಗ, ಬಿಡೋ, ಸ್ವಲ್ಪ ಹೊತ್ತು ಬಿಡು, ಅವನಷ್ಟಕ್ಕೆ ಅವನು ಇರ್ಲಿ ಎಂದಿದ್ದ, ನಾನು ಮತ್ತೆ ಕೂತಿದ್ದೆ. ಈ ಸಲ ಎದ್ದೆ.

ಗ್ಯಾರೇಜಿನ ಬಾಗಿಲಿಂದ ಗಾಡಿ ನಿಲ್ಲುವ ಜಾಗಕ್ಕೆ ಇಪ್ಪತ್ತು ಹೆಜ್ಜೆ. ಒಂಬತ್ತು ತಿಂಗಳಿಂದ ನಾನು ಅದನ್ನು ಎಣಿಸುತ್ತಿದ್ದೇನೆ, ಕಸದ ಡಬ್ಬಿ ಹೊರಗಿಡುವಾಗ, ಟಪಾಲು ಡಬ್ಬಿಯಿಂದ ಕಾಗದ ತರಲು ಹೋಗುವಾಗ. ಆರ್ಡಿಸ್ ಡೆಲ್ ಕೂತಿದ್ದ ಜಾಗದಲ್ಲೇ ಕೂತಿದ್ದಳು, ಎರಡೂ ಕೈ ಸ್ಟಿಯರಿಂಗ್ ಮೇಲೆ. ಪಕ್ಕದ ಸೀಟಿನಲ್ಲಿ ಅವನ ಕಂಬಳಿ ಮಡಚಿಟ್ಟಿತ್ತು. ನಾನು ಗಾಜಿನ ಹತ್ತಿರ ನಿಂತೆ. ತಟ್ಟಲಿಲ್ಲ. ಬಿಸಿಲಿತ್ತು, ಬೆನ್ನು ಸುಡುತ್ತಿತ್ತು. ಅವಳು ನನ್ನನ್ನು ನೋಡದೆ ಎಷ್ಟೋ ಹೊತ್ತು ಎದುರಿಗೆ ಗ್ಯಾರೇಜಿನ ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಗಾಜು ಇಳಿಸಿದಳು.

"ಟಿಕೆಟ್ ಕೊಡು," ಎಂದಳು.

ಲಕೋಟೆ ನನ್ನ ಕೈಯಲ್ಲೇ ಇತ್ತು. ಕೊಟ್ಟೆ.

"ಶನಿವಾರ ನಾನು ಬರ್ತೀನಿ. ಅವರ ಜಾಗದಲ್ಲಿ ಕೂತ್ಕೋತೀನಿ, ನಿನ್ನ ಪಕ್ಕ. ಪ್ರತಿ ಶನಿವಾರ. ನೀವು ಸೋತ್ರೂ ಅಲ್ಲೇ ಕೂತಿರ್ತೀನಿ. ನನ್ನನ್ನ ಯಾರೂ ಹೊರಗೆ ಕಳಿಸೋ ಹಾಗಿಲ್ಲ."

"ಇಲ್ಲ, ಯಾರೂ ಕಳಿಸಲ್ಲ," ಎಂದೆ.

"ಈಗ ಅವರ ಮಾತನ್ನ ನನ್ನ ಫೋನಿಗೆ ಕಳಿಸು."

ಕಳಿಸಿದೆ. ಎರಡು ಸಲ ತಪ್ಪು ಒತ್ತಿದೆ. ಅವಳ ಫೋನ್ ಸದ್ದು ಮಾಡಿತು. ಅವಳು ತೆಗೆದು, ಬಂದಿದೆ ಎಂದು ನೋಡಿ ಖಾತ್ರಿ ಮಾಡಿಕೊಂಡಳು.

"ಈಗ ನಿನ್ನದರಿಂದ ಅಳಿಸು."

ನಾನು ಅವಳ ಮುಖ ನೋಡಿದೆ.

"ಹೊಸ ವರ್ಷದ ಆಟಕ್ಕೆ ಮುಂಚೆ ಹಳೇದನ್ನೆಲ್ಲ ಅಳಿಸ್ತೀರಲ್ಲ, ನೀವು. ಅಳಿಸು. ಅದು ನಿನ್ನ ಹತ್ರ ಇರೋದು ಬೇಡ."

ಒಂಬತ್ತು ತಿಂಗಳು ಅದನ್ನು ಕೇಳಲು ಹೆದರಿದವನಿಗೆ, ಈಗ ಅದು ಹೋಗುತ್ತದೆ ಎಂದಾಗ ಬಿಡಲು ಮನಸ್ಸು ಬರಲಿಲ್ಲ. 'ನಾನು ಕಣೋ' ಎಂದು ಅವನು ಹೇಳಿದ್ದು ನನಗೆ. ಇನ್ನೊಂದೇ ಒಂದು ಸಲ ಕೇಳಬೇಕು ಅನ್ನಿಸಿತು. ಅದನ್ನು ಅವಳ ಹತ್ತಿರ ಯಾವ ಬಾಯಿಂದ ಬೇಡಲಿ? ಅವಳು ಕಾಯುತ್ತಿದ್ದಳು. ಖಂಡಿತ ಅಳಿಸಬೇಕೇ ಎಂದು ಫೋನ್ ಕೇಳಿತು. ಹೌದು ಎಂದು ಒತ್ತಿದೆ. ಪರದೆ ತಿರುಗಿಸಿ ಅವಳಿಗೆ ತೋರಿಸಿದೆ. ಅವಳು ತಲೆಯಾಡಿಸಿ, ಗಾಜು ಏರಿಸಿ, ಗಾಡಿ ಶುರು ಮಾಡಿ ಹಿಂದಕ್ಕೆ ತೆಗೆದುಕೊಂಡು ಹೋದಳು.

ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ಹಳೆಯ ಎಣ್ಣೆಯ ಕಲೆ ಇದೆ. ನಾನು ಅದರ ಮೇಲೆ ನಿಂತಿದ್ದೆ. ಒಳಗೆ ಏನು ಮಾಡಬೇಕೆಂದು ತೋಚದೆ ಲೋವೆಲ್ ಟಿ.ವಿ. ಮತ್ತೆ ಹಾಕಿರಬೇಕು, ಜನರ ಗದ್ದಲ ಕೇಳತೊಡಗಿತು. ಗಾರ್ತ್ ಬಾಗಿಲಿಗೆ ಬಂದು "ಬಾರೋ ಒಳಗೆ" ಎಂದು ಕರೆದ. ನಾನು ಹೋಗಲಿಲ್ಲ. ನಮ್ಮವರು ಮತ್ತೆ ಮುಂದೆ ಮುಂದೆ ಹೋಗುತ್ತಿದ್ದರೆಂದು ಕಾಣುತ್ತದೆ, ಗದ್ದಲ ಏರುತ್ತಿತ್ತು. ಅಲ್ಲಿಂದ ಒಂದು ಮಾತೂ ಬಿಡಿಸಿ ಕೇಳುವುದಿಲ್ಲ, ಯಾರು ಎಲ್ಲಿದ್ದಾರೆಂದು ತಿಳಿಯುವುದಿಲ್ಲ. ಗೋಡೆಯ ಆಚೆ ಬೇರೆಯವರು ಖುಷಿಯಾಗಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ. ಡೆಲ್ ಇಪ್ಪತ್ತು ವರ್ಷ ಕೇಳಿದ್ದು ಇಷ್ಟೇ.